ಹಗ್ಗದ ಮಂಚಕ್ಕೆ ಹಾಯಿ ಕಟ್ಟಿದರೆ

ಮಲ್ಪೆಯಲ್ಲಿ ಮೀನುಗಾರಿಕೆ ಬೋಟುಗಳ ರಿಪೇರಿ ಮಾಡಿಸುವ ನಮ್ಮ ಭಾವನಿಗೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಫೋಟೋ ಹಿಗ್ಗಿಸಿ, ಮತ್ತೆ ಕುಗ್ಗಿಸಿ ನೋಡಿದರು. "ಇದೆಂಥದು ಮಾರಾಯ, ಹಗ್ಗದ ಮಂಚಕ್ಕೆ ಹಾಯಿ ಕಟ್ಟಿದ ಹಾಗುಂಟು!"

ಮಂಚ ಅಂದದ್ದು ಪೂರಾ ತಪ್ಪೇನಲ್ಲ. ಟೀಕಿ 21 ಎಂಬ ಆ ಕಟಮರಾನಿಗೆ ತೆಳ್ಳಗಿನ ಎರಡು ಒಡಲು, ಅವನ್ನು ಜೋಡಿಸುವ ಅಡ್ಡತೊಲೆಗಳು, ನಡುವೆ ಹಲಗೆಯ ಅಟ್ಟ. ಉದ್ದ 21 ಅಡಿ, ಅಗಲ 12 ಅಡಿ. ಒಡಲು 6 ಮಿಲಿಮೀಟರ್ ಪ್ಲೈವುಡ್ಡಿನದು. ತೊಲೆಗಳು ಒಡಲಿಗೆ ಕೂತಿರುವುದು ಬೋಲ್ಟಿನಿಂದಲ್ಲ, ಹಗ್ಗದಿಂದ. ಚುಕ್ಕಾಣಿಯ ತಿರುಗಣಿ ಕೂಡ ಎಂಟರ ಅಂಕಿಯಂತೆ ಸುತ್ತಿದ ಹಗ್ಗವೇ. ಹಾಯಿಯೋ, ನಾವು ಕ್ಯಾಲೆಂಡರಿನಲ್ಲಿ ನೋಡುವ ಚೂಪು ತ್ರಿಕೋನವಲ್ಲ. ಗಿಡ್ಡ ಕೂವೆಮರಕ್ಕೆ ದಿಂಬಿನ ಗವಸಿನಂತೆ ತೊಡಿಸಿದ, ತಲೆ ಮೊಂಡಾದ ಒಂದು ಬಟ್ಟೆ. ಇದನ್ನು ರೂಪಿಸಿದವರು ಬ್ರಿಟನ್ನಿನ ಜೇಮ್ಸ್ ವಾರಮ್ (1928–2021) ಮತ್ತು ಅವರ ಜೊತೆಗಾತಿ, ಡಚ್ ಮೂಲದ ಹಾನೆಕೆ ಬೋನ್. 1980ರ ದಶಕದ ಆರಂಭದಲ್ಲಿ, ಮನೆಯ ಹಿತ್ತಲಲ್ಲಿ ತಾವೇ ದೋಣಿ ಕಟ್ಟಿಕೊಳ್ಳಬೇಕೆನ್ನುವವರಿಗಾಗಿ ಬರೆದ ನಕ್ಷೆ ಇದು.

ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಭಾವ ಎತ್ತಿದ ಆಕ್ಷೇಪಗಳು, ಹಾಯಿದೋಣಿಯವರ ಲೋಕದಲ್ಲಿ ಅರವತ್ತು ವರ್ಷಗಳಿಂದ ಓಡಾಡಿಕೊಂಡಿರುವವೇ. ಬಹುಪಾಲಿಗೆ ಉತ್ತರವಿದೆ. ಒಂದೆರಡು ಕಡೆ ಭಾವನೇ ಗೆದ್ದರು.

ತಪ್ಪು ಕಲ್ಪನೆ: ಕಟಮರಾನ್ ಎಂದರೆ ನಮ್ಮ ಕಟ್ಟುಮರವೇ. ಹೊರಗಿನವರು ಅದಕ್ಕೆ ಹಾಯಿ ಹಚ್ಚಿ ಹೊಸದೆಂದು ಮಾರುತ್ತಿದ್ದಾರೆ.

ವಾಸ್ತವ: ಹೆಸರು ನಮ್ಮ ಕಡೆಯದು, ದೋಣಿ ಬೇರೆ ಕಡೆಯದು. ತಮಿಳಿನ ಕಟ್ಟುಮರಕ್ಕೆ ಕನ್ನಡಿಗರಿಗೆ ಅರ್ಥ ಹೇಳಬೇಕಿಲ್ಲ. ದಿಮ್ಮಿಗಳನ್ನು ಒತ್ತಾಗಿಟ್ಟು ಹಗ್ಗದಿಂದ ಬಿಗಿದ ತೆಪ್ಪ ಅದು. ಅದಕ್ಕೆ ಒಡಲೆಂಬುದೇ ಇಲ್ಲ. ಅಲೆ ಮೇಲೆ ಹತ್ತಿ ಸಂದಿಯಿಂದ ಇಳಿದುಹೋಗುತ್ತದೆ. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಕೋರಮಂಡಲ ತೀರದ ಈ ತೆಪ್ಪಗಳನ್ನು ವರ್ಣಿಸಿದ್ದಾನೆ. ಪದ ಇಂಗ್ಲಿಷಿಗೆ ಹೋಯಿತು, ಆಮೇಲೆ ಎಲ್ಲೋ ದಾರಿಯಲ್ಲಿ ಎರಡು ಒಡಲಿನ ದೋಣಿಗೆ ಅಂಟಿಕೊಂಡಿತು. ಆ ಜೋಡಿದೋಣಿ ಶಾಂತಸಾಗರದ ಪಾಲಿನೇಶ್ಯದವರದು. ದಿಕ್ಸೂಚಿ ಇಲ್ಲದೆ, ನಕ್ಷತ್ರ ಮತ್ತು ಅಲೆಗಳ ಗುರುತು ಹಿಡಿದು, ಅವರು ಸಾವಿರಾರು ಮೈಲಿ ದಾಟಿ ದ್ವೀಪದಿಂದ ದ್ವೀಪಕ್ಕೆ ನೆಲೆಯೂರಿದ್ದು ಇಂಥವುಗಳಲ್ಲೇ.

ಪಶ್ಚಿಮದವರು ಇದನ್ನು ಒಪ್ಪಿದ್ದು ಬಹಳ ನಿಧಾನ. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ 'ಅಮರಿಲಿಸ್' ಎಂಬ ಸುಮಾರು 25 ಅಡಿಯ ಜೋಡಿದೋಣಿಯನ್ನು ನ್ಯೂಯಾರ್ಕಿನ ಪಂದ್ಯಕ್ಕೆ ಇಳಿಸಿದ. ಅದು ದೊಡ್ಡ ದೊಡ್ಡ ದೋಣಿಗಳನ್ನು ಹಿಂದೆ ಹಾಕಿತು. ಸೋತವರು ದೂರು ಕೊಟ್ಟರು; ಅಂಥ ದೋಣಿಗೆ ಪಂದ್ಯದ ಬಾಗಿಲು ಮುಚ್ಚಿತು. ಗೆದ್ದದ್ದೇ ಅಪರಾಧವಾಯಿತು ನೋಡಿ.

ವಾರಮ್ ತಮ್ಮದನ್ನು ಜೋಡಿದೋಣಿ ಎಂದೂ ಕರೆಯುತ್ತಿದ್ದರು. ಆದರೆ ಅವರ ದೋಣಿಯಲ್ಲಿ ನಮ್ಮ ಪದದ ಮೊದಲರ್ಧ, ಆ 'ಕಟ್ಟು', ಬೇರೆ ಯಾವ ಕಟಮರಾನಿಗಿಂತಲೂ ಗಟ್ಟಿಯಾಗಿ ಉಳಿದಿದೆ.

ತಪ್ಪು ಕಲ್ಪನೆ: ಹಗ್ಗದ ಕಟ್ಟು ಬಡವರ ಉಪಾಯ. ಬೋಲ್ಟು ಹಾಕಿದರೆ ದೋಣಿ ಗಟ್ಟಿ.

ವಾಸ್ತವ: ಚಿಕ್ಕಂದಿನಲ್ಲಿ ನಾವು ಉದುರಿದ ಹೊಂಬಾಳೆಯ ಕವಚಗಳನ್ನು ದೋಣಿ ಮಾಡಿ ಕೆರೆಯಲ್ಲಿ ಬಿಡುತ್ತಿದ್ದೆವು. ಒಂಟಿಯಾದರೆ ಮಗುಚುತ್ತದೆಂದು ಎರಡನ್ನು ಅಕ್ಕಪಕ್ಕ ಇಟ್ಟು ಮೇಲೆ ಅಡ್ಡಕಡ್ಡಿ ಹಾಕುವುದು. ಮೊದಲ ಸಲ ಮೊಳೆ ಹೊಡೆದೆವು. ಎರಡೇ ಅಲೆಗೆ ಮೊಳೆ ಹೊಕ್ಕ ಜಾಗದಿಂದಲೇ ಕವಚ ಉದ್ದಕ್ಕೆ ಸೀಳಿತು. ಆಮೇಲೆ ಬಾಳೆನಾರಿನಲ್ಲಿ ಕಟ್ಟಿದೆವು. ಅದು ಓಲಾಡಿತು, ಕಿರುಗುಟ್ಟಿತು, ಸಂಜೆಯವರೆಗೂ ಒಡೆಯಲಿಲ್ಲ. ವಾರಮ್ ತೊಲೆಗಳ ವಿಚಾರವೂ ಇಷ್ಟೇ, ಅಳತೆ ಮಾತ್ರ ದೊಡ್ಡದು.

ಅಲೆ ಓರೆಯಾಗಿ ಬರುವಾಗ ಒಂದು ಒಡಲಿನ ಮೂತಿ ಏರುತ್ತಿರುತ್ತದೆ, ಇನ್ನೊಂದರದು ಇಳಿಯುತ್ತಿರುತ್ತದೆ. ಒದ್ದೆ ಪಂಚೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಿದಂತೆ ಇಡೀ ಚೌಕಟ್ಟು ತಿರುಚುತ್ತದೆ. ದಿನಕ್ಕೆ ಸಾವಿರಾರು ಸಲ. ಬಿಗಿಯಾಗಿ ಬೆಸೆದ ದೋಣಿಯಲ್ಲಿ ಆ ತಿರುಚಾಟವೆಲ್ಲ ತೊಲೆ ಮತ್ತು ಒಡಲು ಸೇರುವ ಮೂಲೆಗೆ ಬಂದು ಕೂರುತ್ತದೆ. ಅದನ್ನು ತಾಳಲು ಮೂಲೆಯನ್ನು ದಪ್ಪ ಮಾಡಬೇಕು, ದಪ್ಪವಾದರೆ ತೂಕ. ಕಟ್ಟಿದ ದೋಣಿಯಲ್ಲಿ ಪ್ರತಿ ಕಟ್ಟೂ ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಬಲ ಒಂದೇ ತೂತಿನ ಸುತ್ತ ಗುಡ್ಡೆಯಾಗದೆ ಹಲವು ಸುತ್ತುಗಳಿಗೆ ಹಂಚಿಹೋಗುತ್ತದೆ.

ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಬೋಲ್ಟಿನ ಸುತ್ತ ಮರ ಒಳಗೊಳಗೇ ಕೊಳೆತರೆ ಕಾಣುವುದು ಮುರಿದ ಮೇಲೆ. ಹಗ್ಗ ಸವೆದರೆ ಕಣ್ಣೆದುರಿಗೇ ಎಳೆ ಎದ್ದು ನಿಲ್ಲುತ್ತದೆ. ನಾಲ್ಕಾರು ಮಾರು ಹಗ್ಗ ಸಾಕು, ಮರಳದಂಡೆಯಲ್ಲೇ ಕೂತು ಬದಲಿಸಬಹುದು.

ಇಲ್ಲಿ ಭಾವ ಮಧ್ಯೆ ಬಾಯಿ ಹಾಕಿದರು: "ನೈಲಾನ್ ಹಗ್ಗವೋ? ಅದು ಒದ್ದೆಯಾದರೆ ಹಿಗ್ಗುತ್ತದಲ್ಲ?" ಸರಿಯಾದ ಪ್ರಶ್ನೆ. ಅದಕ್ಕೇ ನೈಲಾನ್ ಅಲ್ಲ, ಹಿಗ್ಗು ಕಡಿಮೆ ಇರುವ ಪಾಲಿಯೆಸ್ಟರ್. ಸುತ್ತು ಹಾಕಿದ ಮೇಲೆ ಆ ಸುತ್ತುಗಳ ನಡುಭಾಗಕ್ಕೇ ಅಡ್ಡಲಾಗಿ ಇನ್ನೊಂದು ಸುತ್ತು ಬಿಗಿಯುತ್ತಾರೆ. ಸೊಂಟಕ್ಕೆ ಪಟ್ಟಿ ಕಟ್ಟಿದಂತೆ ಎಲ್ಲವೂ ಒಟ್ಟಿಗೆ ಸೆಟೆಯುತ್ತದೆ. ಹೊಸ ಹಗ್ಗ ಮೊದಮೊದಲು ಸಡಿಲಾಗುತ್ತದೆ, ಮತ್ತೆ ಬಿಗಿಯಬೇಕು. ಸೋಮಾರಿಗಳಿಗೆ ಹೇಳಿಸಿದ ದೋಣಿಯಲ್ಲ.

ಒಡಲನ್ನು ಮಾಡುವ ಬಗೆಯೂ ಹೊಲಿಗೆಯೇ. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಇಪಾಕ್ಸಿ ಅಂಟು ತುಂಬುತ್ತಾರೆ. ನಮ್ಮ ಕರಾವಳಿಯ ರಂಪಣಿ ದೋಣಿಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಲ್ಲಿ ಹೊಲಿಯುತ್ತಿದ್ದುದು ನೆನಪಾದದ್ದೇ ಭಾವ ಸ್ವಲ್ಪ ಮೆತ್ತಗಾದರು.

ತಪ್ಪು ಕಲ್ಪನೆ: ಎತ್ತರದ ತ್ರಿಕೋನ ಹಾಯಿಯೇ ಶ್ರೇಷ್ಠ. ಇಲ್ಲದಿದ್ದರೆ ಪಂದ್ಯದ ದೋಣಿಗಳೆಲ್ಲ ಅದನ್ನೇ ಏಕೆ ಹಾಕುತ್ತಿದ್ದವು?

ವಾಸ್ತವ: ಬರ್ಮುಡಾ ಹಾಯಿ ಎನ್ನುವ ಆ ಎತ್ತರದ ತ್ರಿಕೋನಕ್ಕೆ ಒಂದು ಗುಣ ನಿಜವಾಗಿ ಇದೆ: ಗಾಳಿಗೆ ತೀರ ಎದುರಾಗಿ, ಓರೆಯಲ್ಲಿ ನುಗ್ಗುವಾಗ ಅದನ್ನು ಮೀರಿಸುವುದು ಕಷ್ಟ. ಪಂದ್ಯ ಗೆಲ್ಲುವುದು ಸಾಮಾನ್ಯವಾಗಿ ಆ ದಿಕ್ಕಿನಲ್ಲೇ. ಆದರೆ ಊರೂರು ಸುತ್ತುವವನು ಗಾಳಿಯನ್ನು ಪಕ್ಕದಲ್ಲೋ ಬೆನ್ನಿಗೋ ಇಟ್ಟುಕೊಂಡು ಹೋಗಲು ನೋಡುತ್ತಾನೆ. ಅಲ್ಲಿ ಲೆಕ್ಕ ಬದಲಾಗುತ್ತದೆ.

ತ್ರಿಕೋನದ ತುದಿಯನ್ನೇ ನೋಡಿ. ಮೇಲೆ ಹೋದಂತೆ ಬಟ್ಟೆ ಕಿರಿದಾಗುತ್ತದೆ, ಮುಂದಿರುವ ಕೂವೆಕಂಬದ ದಪ್ಪ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಕಂಬ ಕೆದಕಿದ ಗಾಳಿ ಹಿಂದಿರುವ ಆ ಚೂರು ಬಟ್ಟೆಯ ಕೆಲಸವನ್ನು ಕೆಡಿಸುತ್ತದೆ. ಅಂದರೆ ಅತಿ ಎತ್ತರದ, ಅತಿ ದುಬಾರಿ ಜಾಗದಲ್ಲಿರುವ ಹಾಯಿಯೇ ಅತಿ ಕಡಿಮೆ ದುಡಿಯುತ್ತದೆ. ವಾರಮ್ ಮತ್ತು ಬೋನ್ ಇದಕ್ಕೆ ಎರಡು ಮದ್ದು ಮಾಡಿದರು. ಹಾಯಿಯ ಮುಂಭಾಗವನ್ನು ಜೋಡಿಪದರದ ಗವಸು ಮಾಡಿ ಕಂಬಕ್ಕೇ ತೊಡಿಸಿದರು. ಗಾಳಿಗೆ ಈಗ ಸಿಗುವುದು ಕಂಬವಲ್ಲ, ಹಕ್ಕಿಯ ರೆಕ್ಕೆಯಂತೆ ದುಂಡಾದ ಮುಂದಿನ ಅಂಚು. ತಲೆಗೆ ಒಂದು ಗಿಡ್ಡ ಕೋಲು ಕೊಟ್ಟು ಬಟ್ಟೆಯನ್ನು ಮೇಲೂ ಅಗಲವಾಗಿಟ್ಟರು. ಹಳೆಯ ಡಚ್ ದೋಣಿಗಳಲ್ಲಿ ಕಾಣುವ ಗಿಡ್ಡ ಗ್ಯಾಫ್ ಇದು. ಕೆಳಗೆ ಬೂಮ್ ಎಂಬ ಅಡ್ಡಕೋಲು ಇಲ್ಲವೇ ಇಲ್ಲ. ಗಾಳಿ ತಟ್ಟನೆ ಬದಿ ಬದಲಿಸಿದಾಗ ಬೀಸಿಬಂದು ತಲೆಗೆ ಬಡಿಯುವ ಮರದ ತುಂಡೇ ಇಲ್ಲವೆಂದರೆ, ಚಿಕ್ಕ ದೋಣಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡವರಿಗೆ ಅದರ ಬೆಲೆ ಗೊತ್ತು.

ಕಂಬ ಗಿಡ್ಡವಾದರೆ ಏನು ಲಾಭ? ಒಂದು ಅಂದಾಜು ಲೆಕ್ಕ ಹಾಕೋಣ. ಸಾಮಾನು, ಜನ ಸೇರಿ ದೋಣಿ 700 ಕಿಲೋ ಇದೆಯೆನ್ನಿ. ಎರಡು ಒಡಲುಗಳ ನಡುವಿನ ಅಂತರದ ಅರ್ಧ 1.4 ಮೀಟರ್. ದೋಣಿಯನ್ನು ಒಂದು ಬದಿಗೆ ಎತ್ತಬೇಕಾದರೆ ಗಾಳಿ 980 ಕಿಲೋಗ್ರಾಂ-ಮೀಟರ್‌ನಷ್ಟು ಸನ್ನೆಬಲ ಹಾಕಬೇಕು. ಹಾಯಿಯ ಒತ್ತಡದ ಕೇಂದ್ರ 3 ಮೀಟರ್ ಎತ್ತರದಲ್ಲಿದ್ದರೆ ಅದಕ್ಕೆ ಸುಮಾರು 327 ಕಿಲೋ ತಳ್ಳು ಬೇಕು. ಅಷ್ಟೇ ಬಟ್ಟೆಯನ್ನು ಎತ್ತರದ ಕಂಬಕ್ಕೆ ಕಟ್ಟಿ ಕೇಂದ್ರವನ್ನು 4 ಮೀಟರಿಗೆ ಏರಿಸಿದಿರೋ, 245 ಕಿಲೋ ಸಾಕು. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ, ಗಿಡ್ಡ ಕಂಬದ ದೋಣಿ 30 ನಾಟ್ ಗಾಳಿಗೆ ಒಂದು ಕಾಲೆತ್ತಿದರೆ ಉದ್ದ ಕಂಬದ್ದು 26 ನಾಟಿಗೇ ಎತ್ತುತ್ತದೆ. ನಾಲ್ಕು ನಾಟ್ ಕೇಳಲು ಅಲ್ಪ. ಮಳೆಗಾಳಿ ಏರುವಾಗ ಹಾಯಿ ಇಳಿಸಲು ಸಿಗುವ ಸಮಯ ಅದೇ.

ಗವಸಿಗೂ ಅದರದೇ ಕಾಟ ಇದೆ. ಒದ್ದೆಯಾದರೆ ಕಂಬಕ್ಕೆ ಅಂಟಿಕೊಂಡು ಇಳಿಯಲು ತಕರಾರು ಮಾಡುತ್ತದೆ. ಒಳಗಿನ ಕಂಬ ಕಣ್ಣಿಗೆ ಬೀಳುವುದಿಲ್ಲ.

ಹಾಯಿ ಬೇರೆಯಾಗಬಹುದೆಂದು ಯೋಚಿಸಿದವರು ಇವರಿಬ್ಬರೇ ಅಲ್ಲ. 1960ರಲ್ಲಿ ಅಟ್ಲಾಂಟಿಕ್ ದಾಟುವ ಮೊದಲ ಒಂಟಿ ನಾವಿಕರ ಪಂದ್ಯದಲ್ಲಿ ಬ್ಲಾಂಡಿ ಹ್ಯಾಸ್ಲರ್ ತಮ್ಮ 25 ಅಡಿಯ 'ಜೆಸ್ಟರ್'ಗೆ ಚೀನೀ ಜಂಕ್ ಹಾಯಿ ಕಟ್ಟಿಕೊಂಡು ಹೋಗಿ, 48 ದಿನಗಳಲ್ಲಿ ಎರಡನೆಯವರಾಗಿ ಮುಟ್ಟಿದರು. ಅದು ಒಂಟಿ ಒಡಲಿನದು. ಕಟಮರಾನಿಗೆ ಜಂಕ್ ಹಾಯಿ ಹಾಕುವಾಗ ಪೀಟ್ ಹಿಲ್ ತಮ್ಮ 'ಚೈನಾ ಮೂನ್'ನಲ್ಲಿ ಇನ್ನೂ ಮುಂದೆ ಹೋದರು: ನಡುವಿನ ಕಂಬ ಬಿಟ್ಟು, ಒಡಲಿಗೊಂದರಂತೆ ಎರಡು ಕಂಬ, ಎರಡು ಹಾಯಿ. ಕಂಬಗಳು ತಂತಿಯ ಆಸರೆಯಿಲ್ಲದೆ, ಮರ ಬೇರೂರಿದಂತೆ ಒಡಲಿನೊಳಗೇ ನಿಲ್ಲುತ್ತವೆ. ನಡುತೊಲೆ ಕಂಬದ ಭಾರ ಹೊರುವ ಗೋಳೇ ತಪ್ಪಿತು. ಗಾಳಿ ನೇರ ಪಕ್ಕದಿಂದ ಬಂದರೆ ಒಂದು ಹಾಯಿ ಇನ್ನೊಂದಕ್ಕೆ ಮರೆಯಾಗುತ್ತದೆ, ಅದು ಕೊಡಬೇಕಾದ ಬೆಲೆ.

ಎಲ್ಲಕ್ಕಿಂತ ಹಳೆಯದು ಪಾಲಿನೇಶ್ಯದವರ ಏಡಿಕೊಂಬಿನ ಹಾಯಿ. ಸೌತಾಂಪ್ಟನ್‌ನಲ್ಲಿ ಗಾಳಿಸುರಂಗದ ಪ್ರಯೋಗಗಳಿಗೆ ಹೆಸರಾದ ಮಾರ್ಹಾಯ್ ಅದನ್ನು ಪರೀಕ್ಷಿಸಿದಾಗ, ಬಹಳಷ್ಟು ದಿಕ್ಕುಗಳಲ್ಲಿ ಅದು ಬರ್ಮುಡಾ ತ್ರಿಕೋನವನ್ನು ಮೀರಿಸಿತು. ಅದರ ಓರೆ ಅಂಚಿನಲ್ಲಿ ಸುಳಿಗಾಳಿ ಏಳುತ್ತದೆ, ಆ ಸುಳಿಯೇ ಹಾಯಿಯನ್ನು ಎಳೆಯುತ್ತದೆ. ಕಾಂಕಾರ್ಡ್ ವಿಮಾನದ ರೆಕ್ಕೆ ಮೇಲೇಳಲು ನೆಚ್ಚಿಕೊಂಡದ್ದೂ ಇಂಥದೇ ಸುಳಿಯನ್ನು. 2008–09ರಲ್ಲಿ ವಾರಮ್ ನಕ್ಷೆಯ 38 ಅಡಿಯ ಎರಡು ಜೋಡಿದೋಣಿಗಳು ಇದೇ ಹಾಯಿ ಬಿಚ್ಚಿಕೊಂಡು, ಇಂಜಿನ್ ಇಲ್ಲದೆ, ಫಿಲಿಪ್ಪೀನ್ಸಿನಿಂದ ಸುಮಾರು 4,000 ನಾಟಿಕಲ್ ಮೈಲಿ ಹೋಗಿ ಟಿಕೋಪಿಯಾ ಮತ್ತು ಅನುಟಾ ದ್ವೀಪಗಳನ್ನು ಮುಟ್ಟಿದವು. ದೋಣಿಗಳನ್ನು ಅಲ್ಲಿನವರಿಗೇ ಕೊಟ್ಟು ಬಂದರು.

ತಪ್ಪು ಕಲ್ಪನೆ: ಎರಡು ಕಾಲಿನ ಮೇಲೆ ನಿಂತ ದೋಣಿ ಮಗುಚುವುದೇ ಇಲ್ಲ.

ವಾಸ್ತವ: ಮಗುಚುತ್ತದೆ. ಮೇಲಿನ ಲೆಕ್ಕವೇ ಅದನ್ನು ಹೇಳುತ್ತದೆ. ಇನ್ನೂ ಕೆಟ್ಟ ಸುದ್ದಿಯೆಂದರೆ, ಕಟಮರಾನಿನ ಶಕ್ತಿಯೆಲ್ಲ ಮೊದಲಿಗೇ ಖರ್ಚಾಗುತ್ತದೆ: ಒಂದು ಒಡಲು ನೀರು ಬಿಟ್ಟ ಕ್ಷಣವೇ ಅದರ ಪ್ರತಿರೋಧದ ತುತ್ತತುದಿ, ಆಮೇಲೆ ಇಳಿಮುಖ. ಅಡಿಯಲ್ಲಿ ಸೀಸದ ಕೀಲ್ ಹೊತ್ತ ಒಂಟಿ ದೋಣಿ ತಲೆಕೆಳಗಾದರೂ ಬುಡ ಭಾರದ ಗೊಂಬೆಯಂತೆ ಎದ್ದು ಕೂರುತ್ತದೆ. ಕಟಮರಾನ್ ತಲೆಕೆಳಗಾದರೆ ಹಾಗೇ ಆರಾಮಾಗಿ ತೇಲುತ್ತದೆ. ಆದರೆ ಸೀಸ ಹೊತ್ತದ್ದಕ್ಕೆ ತೂತು ಬಿದ್ದರೆ ಅದು ತಳ ಸೇರುತ್ತದೆ. ಮರದ ಜೋಡಿದೋಣಿ ನೀರು ತುಂಬಿಕೊಂಡೂ ಮುಳುಗುವುದಿಲ್ಲ. ಎರಡರಲ್ಲಿ ಯಾವ ಆಪತ್ತು ವಾಸಿ ಎಂಬುದು ಒಬ್ಬೊಬ್ಬರ ಮನೋಧರ್ಮ. ನನ್ನ ಕೇಳಿದರೆ, ಸಮಯಕ್ಕೆ ಸರಿಯಾಗಿ ಹಾಯಿ ಕಿರಿದು ಮಾಡುವ ಅಭ್ಯಾಸ ಇರುವವರಿಗೆ ಜೋಡಿದೋಣಿಯದೇ ವಾಸಿ.

ತಪ್ಪು ಕಲ್ಪನೆ: ಎರಡು ಒಡಲು, ಆದ್ದರಿಂದ ಎರಡು ಪಟ್ಟು ಜಾಗ.

ವಾಸ್ತವ: ರಜೆಗೆ ಬಾಡಿಗೆಗೆ ಸಿಗುವ 40 ಅಡಿಯ ಬಿಳಿ ಕಟಮರಾನುಗಳನ್ನು ಕಂಡು ಹುಟ್ಟಿದ ಭ್ರಮೆ ಇದು. ಅವುಗಳಲ್ಲಿ ಅಡುಗೆಮನೆ, ಸೋಫಾ, ಬಚ್ಚಲುಗಳಿಗೇನೂ ಕೊರತೆಯಿಲ್ಲ. ಟೀಕಿ 21ರ ಒಡಲಿನೊಳಗೆ ಸಿಗುವುದು ಒಬ್ಬರು ತೆವಳಿ ಹೋಗಿ ಮಲಗುವ ಗೂಡು. ರೈಲಿನ ಮೇಲಿನ ಬರ್ತ್ ಅದಕ್ಕಿಂತ ಉದಾರ. ಎದ್ದು ನಿಲ್ಲಬೇಕೆಂದರೆ ಹೊರಗೆ ಅಟ್ಟದ ಮೇಲೆ ಬರಬೇಕು. ಲಂಗರು ಹಾಕಿದ ಮೇಲೆ ಅಲ್ಲೊಂದು ಟೆಂಟು ಹೊದಿಸಿದರೆ, ಅದೇ ನಡುಮನೆ.

ಇದನ್ನು ಕೊರತೆ ಎಂದು ತಿಳಿದು ಸರಿಮಾಡಲು ಹೊರಟವರು ಬಹಳ. ಒಡಲಿನ ಮೇಲೆ ಗೋಡೆ ಎಬ್ಬಿಸುತ್ತಾರೆ, ಅಟ್ಟದ ಮೇಲೆ ಕೋಣೆ ಕಟ್ಟುತ್ತಾರೆ. ಅಲ್ಲಿಗೆ ಗಾಳಿಗೆ ತಡೆ ಹೆಚ್ಚಿತು, ತೂಕ ಹೆಚ್ಚಿತು. ಅದನ್ನೆಳೆಯಲು ಹಾಯಿ ಸಾಲದು, ಕಂಬ ಎತ್ತರವಾಗಬೇಕು. ಕಂಬ ಏರಿದರೆ ತೊಲೆ ದಪ್ಪವಾಗಬೇಕು, ದಪ್ಪ ತೊಲೆಗೆ ಹಗ್ಗ ಸಾಲದು, ಬೋಲ್ಟು ಬೇಕು. ಹೀಗೆ ಒಂದು ನೂಲು ಎಳೆದರೆ ಇಡೀ ಬಟ್ಟೆ ಸುಕ್ಕಾಗುತ್ತದೆ. ಗೂಡಿನಂಥ ಮಲಗುಜಾಗ, ಗಿಡ್ಡ ಹಾಯಿ, ಹಗ್ಗದ ಕಟ್ಟು, ಇವು ಮೂರು ಬೇರೆ ಬೇರೆ ವಿಚಿತ್ರಗಳಲ್ಲ. ಒಂದೇ ನಿರ್ಧಾರದ ಮೂರು ಮುಖ.

ತೂಕ ಎಷ್ಟು ಬೇಗ ಸೇರುತ್ತದೆನ್ನುವುದಕ್ಕೆ ಕುಡಿಯುವ ನೀರೊಂದೇ ಸಾಕು. ಇಬ್ಬರಿಗೆ ದಿನಕ್ಕೆ ತಲಾ ಮೂರು ಲೀಟರ್, ಮೂವತ್ತು ದಿನ: 180 ಕಿಲೋ. ಖಾಲಿ ದೋಣಿಯೇ 400 ಕಿಲೋ ತೂಗುವುದಿಲ್ಲ. ವೇಗದ ಗುಟ್ಟೂ ಇಲ್ಲೇ ಇದೆ. ನೀರಿನಲ್ಲಿ ಕೂರುವ ಉದ್ದ 18 ಅಡಿ ಚಿಲ್ಲರೆ ಇರುವ ಸಾಮಾನ್ಯ ದೋಣಿ, ತಾನೇ ಎಬ್ಬಿಸಿದ ಅಲೆಯ ಬಲೆಗೆ ಸಿಕ್ಕಿ 5.7 ನಾಟ್ ಆಸುಪಾಸಿನಲ್ಲಿ ಏದುಸಿರು ಬಿಡುತ್ತದೆ. ಸಪೂರ ಒಡಲು ಅಲೆಯನ್ನೇ ಹೆಚ್ಚು ಎಬ್ಬಿಸುವುದಿಲ್ಲ, ಹಾಗಾಗಿ ಆ ಗೆರೆಯನ್ನು ದಾಟಿ ಓಡುತ್ತದೆ. ಆದರೆ ಭಾರ ತುಂಬಿ ಒಡಲು ಮುಳುಗಿದರೆ ಅದೂ ಉಳಿದವುಗಳಂತೆ ಎತ್ತಿನಗಾಡಿಯೇ.

ತಪ್ಪು ಕಲ್ಪನೆ: ಇಂಥ ದೋಣಿ ಗಾಳಿಗೆ ಎದುರಾಗಿ ಹೋಗಲಾರದು.

ವಾಸ್ತವ: ಇಲ್ಲಿ ಭಾವನಿಗೆ ಅರ್ಧ ಅಂಕ. ವಾರಮ್ ಒಡಲಿಗೆ ಕೀಲ್ ಇಲ್ಲ. ಇಂಗ್ಲಿಷಿನ ವಿ ಅಕ್ಷರದಂತಿರುವ ಅದರ ಆಳವಾದ ತಳವೇ ಪಕ್ಕಕ್ಕೆ ಜಾರದಂತೆ ತಡೆಯಬೇಕು. ತಡೆಯುತ್ತದೆ, ಆದರೆ ಪಂದ್ಯದ ದೋಣಿಯಷ್ಟು ಗಾಳಿಯ ಮೂಗಿಗೆ ಹತ್ತಿರ ಹೋಗುವುದಿಲ್ಲ. ಒಂದು ಓರೆಯಿಂದ ಇನ್ನೊಂದಕ್ಕೆ ತಿರುಗುವಾಗಲೂ ತಡವರಿಸುತ್ತದೆ. ಹಗುರವಾದ್ದರಿಂದ ಓಟದ ಬಿಸುಪು ಬೇಗ ಆರಿಹೋಗುತ್ತದೆ. ಮುಂದಿನ ಸಣ್ಣ ಹಾಯಿಯನ್ನು ತುಸು ಹೊತ್ತು ಉಲ್ಟಾ ಹಿಡಿದು ಮೂತಿಯನ್ನು ತಳ್ಳಿಸಬೇಕು. ಪ್ರತಿಯಾಗಿ ಸಿಗುವುದು: ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ, ನೇರ ಮರಳಿಗೇ ತಂದು ನಿಲ್ಲಿಸಬಹುದು.

ತಪ್ಪು ಕಲ್ಪನೆ: ಇದು ಹಿನ್ನೀರಿನ ಆಟಿಕೆ. ಸಮುದ್ರ ದಾಟುವ ಮಾತಲ್ಲ.

ವಾಸ್ತವ: ವಾರಮ್ ತಮ್ಮ ಮೊದಲ ಜೋಡಿದೋಣಿ 'ಟಂಗರೋವಾ'ವನ್ನು ಕಟ್ಟಿದಾಗ ಅದರ ಉದ್ದ 23 ಅಡಿ 6 ಅಂಗುಲ. 1937–38ರಲ್ಲಿ ಎರಿಕ್ ದ ಬಿಷಪ್ ಹವಾಯಿಯಿಂದ ಫ್ರಾನ್ಸಿಗೆ 'ಕೈಮಿಲೋವಾ' ಎಂಬ ಜೋಡಿದೋಣಿಯಲ್ಲಿ ಬಂದ ಕಥೆಯೇ ಅವರಿಗೆ ಸ್ಫೂರ್ತಿ. ಪಾಲಿನೇಶ್ಯದವರ ದೋಣಿ ಸಾಗರಕ್ಕೆ ಲಾಯಕ್ಕಲ್ಲ ಎಂದು ಪಂಡಿತರು ವಾದಿಸುತ್ತಿದ್ದ ಕಾಲ. 1955–56ರಲ್ಲಿ ರೂತ್ ಮರ್ಸೆಬರ್ಗರ್, ಯುಟಾ ಶುಲ್ಟ್ಸೆ-ರೋನ್‌ಹೋಫ್ ಎಂಬ ಇಬ್ಬರು ಜರ್ಮನ್ ಹೆಣ್ಣುಮಕ್ಕಳ ಜೊತೆ ಅವರು ಅದರಲ್ಲೇ ಅಟ್ಲಾಂಟಿಕ್ ದಾಟಿ ಟ್ರಿನಿಡಾಡ್ ಸೇರಿದರು. ಅಲ್ಲಿ ಬರ್ನಾರ್ ಮೊಯ್ತೆಸಿಯೆ ಎಂಬ ಫ್ರೆಂಚ್ ನಾವಿಕನ ನೆರವಿನಿಂದ 40 ಅಡಿಯ 'ರೊಂಗೊ' ಕಟ್ಟಿ, 1959ರಲ್ಲಿ ನ್ಯೂಯಾರ್ಕಿನಿಂದ ಐರ್ಲೆಂಡಿಗೆ ಉತ್ತರ ಅಟ್ಲಾಂಟಿಕ್ ಹಾದು ವಾಪಸು ಬಂದರು.

ಟೀಕಿ 21ರದೇ ಸಾಕ್ಷಿ ಬೇಕೆಂದರೆ ರೋರಿ ಮ್ಯಾಕ್‌ಡೂಗಲ್ ಇದ್ದಾರೆ. ತಾವೇ ಕಟ್ಟಿದ ಟೀಕಿಗೆ ಆ ಆಸಾಮಿ ಇಟ್ಟ ಹೆಸರು 'ಕುಕಿಂಗ್ ಫ್ಯಾಟ್', ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಡಾಲ್ಡಾ! 1991ರಲ್ಲಿ ಹೊರಟು 1997ರ ಹೊತ್ತಿಗೆ ಆ ಡಾಲ್ಡಾ ಡಬ್ಬಿಯಲ್ಲೇ ಭೂಮಿ ಸುತ್ತಿ ಮುಗಿಸಿದರು. 2010ರಲ್ಲಿ ಅದೇ ದೋಣಿಯಲ್ಲಿ ಒಬ್ಬರೇ, ಇಂಗ್ಲೆಂಡಿನ ಪ್ಲಿಮತ್‌ನಿಂದ ಅಮೆರಿಕದ ನ್ಯೂಪೋರ್ಟಿಗೆ, ಬಹುಪಾಲು ಎದುರುಗಾಳಿಯಲ್ಲಿ, ಅಟ್ಲಾಂಟಿಕ್ ದಾಟಿದರು.

ಇಷ್ಟೆಲ್ಲ ಕೇಳಿಸಿಕೊಂಡು ಭಾವ ಮತ್ತೊಮ್ಮೆ ಫೋಟೋ ಹಿಗ್ಗಿಸಿದರು. ತೊಲೆಯ ಕಟ್ಟಿನ ಮೇಲೆ ಬೆರಳಿಟ್ಟು ಸುತ್ತುಗಳನ್ನು ಎಣಿಸಿದರು. ಲೆಕ್ಕ ಸರಿಹೋಯಿತೋ ಏನೋ, ತಲೆಯಾಡಿಸಿದರು.

"ಅದೆಲ್ಲ ಸರಿ. ಗಾಳಿ ಬಿದ್ದರೆ? ಇಂಜಿನ್ ಎಲ್ಲಿ ಕೂರಿಸುವುದು?"

ಅಟ್ಟದ ಹಿಂಬದಿ, ಎರಡು ಒಡಲುಗಳ ನಡುವೆ, ಒಂದು ಚಿಕ್ಕ ಔಟ್‌ಬೋರ್ಡು ಅಂದೆ. ಬೇಡವಾದಾಗ ನೀರಿನಿಂದ ಮೇಲೆತ್ತಿ ಇಡಬಹುದು.

"ಅದನ್ನೂ ಹಗ್ಗದಲ್ಲೇ ಕಟ್ಟುವುದೋ?"